ಪಾವತಿಸುವ ಶಕ್ತಿ ಇಲ್ಲದವರು

ಶೀನಪ್ಪನವರ ಬಿಳಿ ಕಾರು ಪಂಚಾಯತ್ ಅಂಗಳಕ್ಕೆ ಬಂದು ನಿಂತದ್ದನ್ನು ಕಂಡು ನವ್ಯಾ ಪೆನ್ನು ಕೆಳಗಿಟ್ಟಳು. ಹಿಂದೆಯೇ ಇನ್ನೂ ಎರಡು ಕಾರು. ಪಿಡಿಒ ಕುಶಾಲಪ್ಪ ಕಿಟಕಿಯ ಪರದೆ ಎಳೆದರು.

“ನಾನು ಮೊದಲೇ ಹೇಳಿದ್ದೆ. ಮಾನನಷ್ಟದ ಕೇಸು ಹಾಕ್ಲಿಕ್ಕೇ ಬಂದದ್ದು.”

“ಹಣ ಕಟ್ಲಿಕ್ಕೂ ಬಂದಿರಬಹುದು ಸರ್.”

“ಶೀನಪ್ಪ? ಹಣ? ನೀನೊಬ್ಬಳು ಮಾರಾಯ್ತಿ.”

ಇಷ್ಟಕ್ಕೆಲ್ಲ ಕಾರಣ ಮೇಲಿನಿಂದ ಬಂದ ಒಂದು ಸುತ್ತೋಲೆ. ಆಲಂಕಾರಿನಿಂದ ಸ್ವಲ್ಪ ಆಚೆಗಿರುವ ಆ ಪಂಚಾಯತಿನಲ್ಲಿ ಕಟ್ಟಡ ತೆರಿಗೆಯ ಬಾಕಿ ಇಪ್ಪತ್ತಮೂರು ಲಕ್ಷ. ಪ್ರತಿ ವರ್ಷವೂ ಅಷ್ಟನ್ನೂ ‘ಬರಬೇಕಾದದ್ದು’ ಎಂದು ಬರೆದು ಎಲ್ಲರೂ ನೆಮ್ಮದಿಯಾಗಿದ್ದರು. ಈ ಸಲ ಸರಕಾರಕ್ಕೆ ಸತ್ಯ ತಿಳಿಯುವ ಆಸೆ ಹುಟ್ಟಿತ್ತು: ಇದರಲ್ಲಿ ನಿಜವಾಗಿ ಬರುವುದೆಷ್ಟು, ಹದಿನೈದು ದಿನದಲ್ಲಿ ಅಂದಾಜಿಸಿ ತಿಳಿಸಿ. ಅರ್ಧಕ್ಕಿಂತ ಕಡಿಮೆ ಬರುವುದಾದರೆ ಮಾರ್ಚ್ ನಂತರ ಗುತ್ತಿಗೆಯ ಬಿಲ್ ಕಲೆಕ್ಟರ್ ಹುದ್ದೆ ಬೇಡ.

ಆ ಬಿಲ್ ಕಲೆಕ್ಟರ್ ನವ್ಯಾ. ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಿಸಿ ಬರುವವಳು. ಮನೆಯಲ್ಲಿ ತಿಂಗಳ ಸಂಬಳ ಎಂಬುದೊಂದಿದ್ದರೆ ಅದು ಇವಳದ್ದೇ.

ಬಾಕಿಯಲ್ಲಿ ಹದಿನೇಳು ಲಕ್ಷ ಬರೀ ಹನ್ನೆರಡು ಮಂದಿ ಶ್ರೀಮಂತರದ್ದು, ಎಲ್ಲವೂ ಹತ್ತು ವರ್ಷ ಮೀರಿದ್ದು. ಮೊದಲ ಹೆಸರು ಶೀನಪ್ಪನವರದ್ದು. ಒಂದು ಮದುವೆ ಹಾಲ್, ಎರಡು ಸಾಲು ಅಂಗಡಿ, ಹನ್ನೊಂದು ವರ್ಷದ ಬಾಕಿ. ಅವಳು ಹೋದಾಗಲೆಲ್ಲ ಅವರು ಲಿಂಬೆ ಶರಬತ್ತು ಕೊಡಿಸುತ್ತಿದ್ದರು. “ನಾಳೆ ನೋಡುವ” ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಪಂಚಾಯತಿಗೆ ಅವರಿಂದ ವಸೂಲಾದದ್ದು ಆ ಶರಬತ್ತು ಮಾತ್ರ.

ಅಂದಾಜಿಗೆಂದು ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಬಂದಿತ್ತು. ಹತ್ತು ವರ್ಷ ಮೀರಿದ ಬಾಕಿಯನ್ನು ಅದು ತಾನಾಗಿಯೇ ‘ಬಾರದ್ದು’ ಎಂಬ ಸಾಲಿಗೆ ತಳ್ಳುತ್ತಿತ್ತು. ಯಾಕೆ ಬಾರದು ಎಂದು ಮಾತ್ರ ನವ್ಯಾ ಹೇಳಬೇಕು. ಅದಕ್ಕೆ ಮೂರೇ ಉತ್ತರ: ಮೃತರು, ಊರು ಬಿಟ್ಟವರು, ಪಾವತಿಸುವ ಶಕ್ತಿ ಇಲ್ಲದವರು. ಶೀನಪ್ಪ ಸತ್ತಿರಲಿಲ್ಲ, ಊರನ್ನೂ ಬಿಟ್ಟಿರಲಿಲ್ಲ. ಪುತ್ತೂರಿನಲ್ಲಿ ತರಬೇತಿ ಕೊಟ್ಟವನಿಗೆ ನವ್ಯಾ ಫೋನ್ ಮಾಡಿದಳು.

“ಸರ್, ಕಟ್ಟುವ ಮನಸ್ಸಿಲ್ಲ ಅಂತ ಬರೆಯುದು ಎಲ್ಲಿ?”

“ಮನಸ್ಸು ಲೆಕ್ಕಕ್ಕೆ ಬರುದಿಲ್ಲ ಮೇಡಂ. ಶಕ್ತಿ ಮಾತ್ರ.”

ಹಾಗೆ ಹನ್ನೆರಡು ಶ್ರೀಮಂತರೂ ಶಕ್ತಿಹೀನರಾದರು. ‘ಖಂಡಿತ ಬರುವುದು’ ಎಂಬ ಸಾಲಿನ ಮೊದಲಲ್ಲೇ ಕುಳಿತವರು ಬಸ್ ಸ್ಟಾಂಡಿನ ಗೂಡಂಗಡಿಯ ಜೈನಬಮ್ಮ. ಅವರ ಬಾಕಿ ಎಂಟುನೂರ ಅರವತ್ತು ರೂಪಾಯಿ. ತಿಂಗಳಿಗೆ ನೂರರಂತೆ, ಸೆರಗಿನ ಗಂಟು ಬಿಚ್ಚಿ, ತಾವಾಗಿಯೇ ತಂದು ಕೊಡುತ್ತಿದ್ದರು. ಸರಕಾರ ಕಣ್ಣು ಮುಚ್ಚಿ ನಂಬಬಹುದಾದ ಆಸ್ತಿ ಊರಿನಲ್ಲಿ ಅದೊಂದೇ.

ಎಲ್ಲ ಕೂಡಿಸಿದರೆ ನೂರಕ್ಕೆ ಹದಿನೆಂಟು ಬರುತ್ತಿತ್ತು. ನವ್ಯಾಳ ಕೆಲಸ ಹೋದ ಹಾಗೆಯೇ.

ಆಗ ಹೊಳೆದದ್ದು ಆ ಉಪಾಯ.

“ಸರ್, ಈ ಹನ್ನೆರಡು ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕುವ.”

“ನಿನಗೆ ಮರುಳಾ?”

“ಸುಳ್ಳು ಎಂತದೂ ಇಲ್ಲವಲ್ಲ, ತಂತ್ರಾಂಶ ಹೇಳಿದ್ದೇ. ಶೀನಪ್ಪಣ್ಣ ಈಗ ಮಗನಿಗೆ ಹುಡುಗಿ ನೋಡ್ತಾ ಇದ್ದಾರೆ. ಗತಿ ಇಲ್ಲದವರು ಅಂತ ಊರೆಲ್ಲ ಓದಿದರೆ ಸುಮ್ಮನೆ ಕೂತಾರಾ? ಮರ್ಯಾದೆ ಉಂಟಲ್ಲ.”

ಕುಶಾಲಪ್ಪ ಎರಡು ದಿನ ಯೋಚಿಸಿದರು. ಸುಳ್ಯದ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಬೈಕಿನಲ್ಲಿ ಅದೇ ಯೋಚನೆ. ಹದಿನೆಂಟು ಎಂಬ ಅಂಕಿಯನ್ನು ಹಿಡಿದು ಕಡಬದ ತಾಲೂಕು ಸಭೆಯಲ್ಲಿ ನಿಲ್ಲುವುದನ್ನು ನೆನೆದ ಮೇಲೆ ಸಹಿ ಹಾಕಿದರು. ನವ್ಯಾ ಸೀಲು ಒತ್ತಿದಳು. ಶೀರ್ಷಿಕೆಯಲ್ಲಿ ಒಂದು ಶಬ್ದವನ್ನು ತಾನೇ ಸೇರಿಸಿದಳು: ‘ಪಾವತಿಸುವ ಶಕ್ತಿ ಇಲ್ಲದ ಬಡ ಬಾಕಿದಾರರು.’

ಸಂಜೆಯೊಳಗೆ ಪಟ್ಟಿಯ ಫೋಟೊ ಸುಳ್ಯ, ಪುತ್ತೂರುಗಳ ಮೊಬೈಲುಗಳನ್ನೂ ಮುಟ್ಟಿತು.

ಮರುದಿನ ಬೆಳಿಗ್ಗೆ ಈ ಕಾರುಗಳು ಬಂದಿದ್ದವು.

ಶೀನಪ್ಪ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಕುರ್ಚಿ ಎಳೆದು ಕುಳಿತರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅದೇ ಕುಶಾಲಪ್ಪನವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಬೋರ್ಡಿನಲ್ಲಿ ಇರುದು ನಿಮ್ಮದೇ ಸಹಿಯಾ?”

“ಅದು... ಹೌದು.”

“ಸೀಲು?”

“ಪಂಚಾಯತಿನದ್ದೇ, ಶೀನಪ್ಪಣ್ಣ” ಎಂದಳು ನವ್ಯಾ. “ಪಟ್ಟಿ ಮಾಡಿದ್ದು ನಾನು. ಹೇಳುದಿದ್ದರೆ ನನಗೆ ಹೇಳಿ.”

“ಅಂದರೆ ನಾಳೆ ಯಾರಾದರೂ ಕೇಳಿದರೆ, ನಾವು ಬರೆದದ್ದಲ್ಲ ಅಂತ ನೀವು ಹೇಳ್ಲಿಕ್ಕಿಲ್ಲ.”

“ಇಲ್ಲ.”

ಕುಶಾಲಪ್ಪ ಕರವಸ್ತ್ರದಿಂದ ಕುತ್ತಿಗೆ ಒರಸಿಕೊಂಡರು. ಶೀನಪ್ಪ ನಿಟ್ಟುಸಿರು ಬಿಟ್ಟರು.

“ನಿನ್ನೆಯಿಂದ ಮನೆಯಲ್ಲಿ ಇದೇ ಮಾತು. ಹೆಂಡತಿ, ಮಗ, ಎಲ್ಲರದ್ದೂ ಒಂದೇ ಹಟ. ಇಷ್ಟು ವರ್ಷ ಸುಮ್ಮನಿದ್ದದ್ದು ಸಾಕು, ಇವತ್ತೇ ಪಂಚಾಯತಿಗೆ ಹೋಗಿ ಮುಗಿಸಿ ಬನ್ನಿ ಅಂತ. ಹೊರಗೆ ನಿಂತವರದ್ದೂ ಅದೇ ಕಥೆ.”

ನವ್ಯಾ ಕುಶಾಲಪ್ಪನವರ ಕಡೆ ನೋಡಿದಳು. ಅವರು ಕಣ್ಣರಳಿಸಿದರು. ಹೊಸ ರಶೀದಿ ಪುಸ್ತಕ ತೆಗೆದು ಅವಳು ಹಾಳೆಗಳ ನಡುವೆ ಕಾರ್ಬನ್ ಸೇರಿಸಿದಳು. ಮಾರ್ಚ್ ಕಳೆದು ಏಪ್ರಿಲ್, ಮೇ, ಜೂನ್ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಹಾದುಹೋದವು. ಶೀನಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು.

“ಎಷ್ಟಾಗ್ತದೆ?”

“ನಾಲ್ಕು ಲಕ್ಷದ ಹನ್ನೆರಡು ಸಾವಿರ.”

“ಅದಲ್ಲ ಮಾರಾಯ್ತಿ,” ಶೀನಪ್ಪ ಐವತ್ತರ ಒಂದು ನೋಟನ್ನು ಮೇಜಿನ ಮೇಲಿಟ್ಟರು, “ಆ ಪಟ್ಟಿಯದ್ದು ಸೀಲು ಹಾಕಿದ ನಕಲು ಮೂರು ಕೊಡು, ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕ್ಲಿಕ್ಕುಂಟು.”