ನಿಘಂಟುಗಳ ಹಿಂದೆ

ನಿಘಂಟುಗಳ ಸಾಲಿನ ಹಿಂದೆ ತೂರಿಸಿದ ಬಿಂದುವಿನ ಕೈಗೆ ಬರೀ ಧೂಳು ಸಿಕ್ಕಿತು. ಅವಳು ಹುಡುಕುತ್ತಿದ್ದದ್ದು ಮನೆಗೆ ಕೊಡದ ರೆಫರೆನ್ಸ್ ಪುಸ್ತಕ, ಇಡೀ ಲೈಬ್ರರಿಗೆ ಇದ್ದದ್ದು ಒಂದೇ ಪ್ರತಿ. ಬೇರೆ ಯಾರಿಗೂ ಸಿಗದಿರಲೆಂದು ಮೂರು ದಿನದ ಹಿಂದೆ ಅವಳೇ ಅಲ್ಲಿ ಬಚ್ಚಿಟ್ಟಿದ್ದಳು. ಪುಟದ ಗುರುತಿಗೆಂದು ಅದರೊಳಗಿಟ್ಟದ್ದು, ನಾಳೆ ಬೆಳಿಗ್ಗೆ ಚಾಮರಾಜಪೇಟೆಯ ಪರೀಕ್ಷಾ ಸೆಂಟರಿನಲ್ಲಿ ತೋರಿಸಬೇಕಾದ ಹಾಲ್ ಟಿಕೆಟ್.

“ಏನಮ್ಮ ಹುಡುಕ್ತಿದೀಯ?” ಲೈಬ್ರೇರಿಯನ್ ಕಾವೇರಮ್ಮ ಬೆನ್ನ ಹಿಂದೆಯೇ ನಿಂತಿದ್ದರು.

“ಏನಿಲ್ಲ ಮೇಡಂ.” ಬಿಂದು ಕೈ ಹಿಂದಕ್ಕೆಳೆದುಕೊಂಡಳು. ಕೇಳಿದರೆ ಕಳ್ಳಾಟ ಬಯಲಾಗುತ್ತದೆ. ಕೇಳದಿದ್ದರೆ ಪರೀಕ್ಷೆಯೇ ಇಲ್ಲ.

ತಲೆ ತಗ್ಗಿಸಿ ಹೊರಟವಳು ಕಿಟಕಿ ಪಕ್ಕದ ಮೇಜಿನ ಬಳಿ ನಿಂತುಬಿಟ್ಟಳು. ಗೆಳತಿ ಆರಾಧನಾ ಅದೇ ಪುಸ್ತಕ ಓದುತ್ತಿದ್ದಳು. ಮೂರು ದಿನವೂ ಅವಳ ಜೊತೆ ಅದನ್ನು ಹುಡುಕಿದಂತೆ ನಟಿಸಿದವಳು ಬಿಂದು. ಆರಾಧನಾ ತಲೆ ಎತ್ತದೆಯೇ ಪಕ್ಕದ ಕುರ್ಚಿ ಎಳೆದು, ಬಿಂದುವಿನ ಹಾಲ್ ಟಿಕೆಟನ್ನು ಮೇಜಿನ ಮೇಲೆ ಆ ಕುರ್ಚಿಯ ಮುಂದಕ್ಕೆ ಸರಿಸಿದಳು.

“ಬಾ, ಕೂತ್ಕೊ. ಲೈಬ್ರರಿ ಮುಚ್ಚೋದ್ರೊಳಗೆ ಇಬ್ರೂ ಓದ್ಬಿಡೋಣ.”