ಬಸ್ಸಿನ ಹಾರ್ನು

ತ್ಯಾಂಪಣ್ಣ ಕಾರಿನ ಕೀಯನ್ನು ಮುಷ್ಟಿಯಿಂದ ಬಿಡಲೇ ಇಲ್ಲ. "ಕಾರು ಕೊಡ್ತೇನೆ ಶ್ಯಾಮ, ಆದರೆ ಹಾರ್ನು ತೆಗೀಲಿಕ್ಕಿಲ್ಲ. ಆ ಸದ್ದಿಗೇ ಇದು ನಮ್ಮೂರಿನ ಕಾರು." ಎರಡೇ ಬಾಗಿಲಿನ ಆ ಜಪಾನಿ ಓಟದ ಕಾರಿಗೆ ಅವನು ಕೈಯಾರೆ ಹಳೇ ಬಸ್ಸಿನ ರಬ್ಬರ್ ಹಾರ್ನು ಕೂರಿಸಿದ್ದ.

"ಇದಕ್ಕೆ ಬಸ್ಸಿನ ಹಾರ್ನು ಎಂತಕ್ಕೆ ಮಾರಾಯ್ರೆ? ನಾನು ತೆಗೆಸುದೇ," ಎಂದು ಕೊಳ್ಳಲು ಬಂದ ಶ್ಯಾಮ ಸೀಟಿನಲ್ಲಿ ಕೂತು ಅದನ್ನೊಮ್ಮೆ ಹಿಂಡಿದ. ಪೋಂ... ಪೋಂ!

ರಸ್ತೆ ಬದಿಯ ಅಂಗಡಿಯ ಹಿಂದಿನಿಂದ, ಬಸ್ಸಿಗೆ ಕಾಯುತ್ತಿದ್ದ ಊರಿನ ಅಮ್ಮಕ್ಕ ಓಡೋಡಿ ಬಂದಳು. ಆಚೆ ಬಾಗಿಲಿನಿಂದ ಹತ್ತಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, "ಪುತ್ತೂರಿಗೆ ಒಂದು ಟಿಕೇಟು," ಎಂದಳು. ಬುಟ್ಟಿಯೊಳಗಿನ ಕೋಳಿ ಕತ್ತು ಹೊರಹಾಕಿ ಶ್ಯಾಮನನ್ನೇ ನೋಡಿತು. ಶ್ಯಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾರ್ನು ಇರಲಿ ತ್ಯಾಂಪಣ್ಣ, ಕೀ ಕೊಡಿ. ಅಮ್ಮಕ್ಕನಿಗೆ ತಡ ಆಗ್ತದೆ."

ತ್ಯಾಂಪಣ್ಣನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಬಾಗಿಲು ಹಾಕಿ, ಕಾರಿನ ನೆತ್ತಿಗೆ ಎರಡು ಸಲ ತಟ್ಟಿ, ಬಸ್ಸು ಹೊರಡಿಸುವ ಕಂಡಕ್ಟರನಂತೆ ಕೂಗಿದ: "ರೈಟ್, ಪೋಯಿ!"