ಕವುಚಿಟ್ಟ ಕರಟ

“ಇವತ್ತೂ ಹದಿಮೂರು ಅಂದ್ರೆ ನಾಳೆಯಿಂದ ನೀನು ನಿಮ್ಮೂರು ಅರಳಗುಪ್ಪೆಯಲ್ಲೇ ಇರಬಹುದು, ನೋಡಮ್ಮ.” ದಿನೇಶ್ ಮೆಟ್ಟಿಲ ಮೇಲೆಯೇ ಪವಿತ್ರಳನ್ನು ತಡೆದು ನಿಲ್ಲಿಸಿದ್ದ. “ಅಧ್ಯಕ್ಷರು ಬಂದು ಕೂತಿದ್ದಾರೆ. ನಾನೇ ಫೋನ್ ಮಾಡಿ ಕರೆಸಿದ್ದು.”

“ಹದಿಮೂರು ದಿನದ ಕೆಲಸಕ್ಕೆ ಹದಿಮೂರೇ ಅಂತೀನಿ ಸಾರ್.” ಪವಿತ್ರ ಅವನ ಪಕ್ಕದಿಂದ ನುಸುಳಿ ಮೇಲೆ ಹತ್ತಿದಳು. ಒಳಗೆ ಹೆದರಿಕೆಯಿತ್ತು. ಅದನ್ನು ಅವನಿಗೆ ತೋರಿಸಿಕೊಳ್ಳುವ ಹೆಣ್ಣು ಅವಳಲ್ಲ.

ತಿಪಟೂರಿನಲ್ಲಿ ಕೊಬ್ಬರಿ ಗೋದಾಮಿನ ಮೇಲಿದ್ದ ಆ ಒಂದೇ ಕೋಣೆಯಲ್ಲಿ, ತೆಂಗು ಬೆಳೆಗಾರರೇ ಸೇರಿ ಕಟ್ಟಿಕೊಂಡ ಕಂಪನಿಯ ಮೊಬೈಲ್ ಆ್ಯಪ್ ತಯಾರಾಗುತ್ತಿತ್ತು. ರೈತ ಕೊಬ್ಬರಿ ತಂದು ತೂಗಿಸಿದ ಕೂಡಲೇ ತೂಕ, ದರ ಎರಡೂ ಅವನ ಫೋನಿಗೆ ಹೋಗಬೇಕು. ಆ್ಯಪ್ ಬರೆಯುವವರು ಮೂವರು: ಪವಿತ್ರ, ಭಾನುಪ್ರಿಯಾ, ಚಿತ್ತೇಶ್. ಅವರ ಮೇಲೆ ಟೀಮ್ ಲೀಡರ್ ದಿನೇಶ್. ಆ್ಯಪ್‌ನ ಮೊದಲ ಸಾಲು ಬರೆದವಳು ಪವಿತ್ರ. ಅದನ್ನು ಬಿಟ್ಟು ಹೋಗುವುದನ್ನು ಅವಳು ಯೋಚಿಸಿಯೂ ಇರಲಿಲ್ಲ.

ಹೊಸ ಕೆಲಸ ಬಂದಾಗ ಎಷ್ಟು ದಿನ ಹಿಡಿಯುತ್ತದೆಂದು ಎಲ್ಲರೂ ಸೇರಿ ಅಂದಾಜು ಮಾಡುವುದು ಅಲ್ಲಿನ ಪದ್ಧತಿ. ಬೇರೆ ಕಡೆ ಇದಕ್ಕೆ ಇಸ್ಪೀಟಿನಂಥ ಕಾರ್ಡುಗಳಿರುತ್ತವೆ. ಇಲ್ಲಿ ಚಿತ್ತೇಶ್ ಮನೆಯಿಂದ ಕರಟಗಳನ್ನು ತಂದು, ಕೆರೆದು ನುಣುಪು ಮಾಡಿ, ಒಳಗೆ ಬಿಳಿ ಬಣ್ಣದಲ್ಲಿ ದಿನಗಳ ಅಂಕಿ ಬರೆದಿಟ್ಟಿದ್ದ, ಒಂದೊಂದು ಅಂಕಿಗೆ ನಾಲ್ಕಾರು ಕರಟ. ತನಗೆ ಸರಿ ಕಂಡ ಅಂಕಿಯ ಕರಟವನ್ನು ಪ್ರತಿಯೊಬ್ಬರೂ ಮೇಜಿನ ಮೇಲೆ ಕವುಚಿ ಇಡಬೇಕು, ಆಮೇಲೆ ಒಟ್ಟಿಗೆ ಮಗುಚಬೇಕು. ಒಬ್ಬರ ಮುಖ ನೋಡಿ ಇನ್ನೊಬ್ಬರು ಅಂಕಿ ಬದಲಿಸಬಾರದು. ವ್ಯತ್ಯಾಸ ಬಂದರೆ ಕೂತು ಮಾತಾಡಬೇಕು.

ದಿನೇಶ್ ಬಂದ ಮೇಲೆ ಮಾತು ನಿಂತಿತು. ಅವನು ತಂದ ರೂಲು ಎರಡೇ. ಮಗುಚುವ ಮುಂಚೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಮಗುಚಿದ ಮೇಲೆ ಎಲ್ಲಕ್ಕಿಂತ ಕಡಿಮೆ ಅಂಕಿಯೇ ಅಂತಿಮ. ತಾನು ಮಾತ್ರ ಕರಟ ಮುಟ್ಟುತ್ತಿರಲಿಲ್ಲ, ಎದುರು ಕೂತು ಹುಬ್ಬು ಗಂಟಿಕ್ಕುತ್ತಿದ್ದ. ಆ ಹುಬ್ಬಿಗೆ ಹೆದರಿ ಭಾನುಪ್ರಿಯಾ, ಚಿತ್ತೇಶ್ ಇಬ್ಬರೂ ಮೂರೋ ಐದೋ ಇಟ್ಟು ಸುಮ್ಮನಾಗುತ್ತಿದ್ದರು. ಪವಿತ್ರ ಸುಮ್ಮನಾಗುತ್ತಿರಲಿಲ್ಲ.

ಹೋದ ತಿಂಗಳು ಪವಿತ್ರ ಹದಿಮೂರು ಇಟ್ಟಿದ್ದ ತೂಕದ ಕೆಲಸವನ್ನು ಹಾಗೆಯೇ ಮೂರು ದಿನದಲ್ಲಿ ಮುಗಿಸಿದರು. ಮಾಯಸಂದ್ರದಲ್ಲಿ ಒಬ್ಬರ ಕೊಬ್ಬರಿ ಇನ್ನೊಬ್ಬರ ಹೆಸರಿಗೆ ಹೋಗಿ, ಚೀಲಗಳನ್ನೆಲ್ಲ ಮತ್ತೆ ತೂಗಬೇಕಾಯಿತು. ಅಂದು ಕಂಪನಿಯ ಅಧ್ಯಕ್ಷರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಮೂರು ದಿನ ಅಂತ ಗೊತ್ತು ಮಾಡ್ದೋರು ಯಾರಪ್ಪ?”

“ಎಲ್ಲರೂ ಸೇರಿ ಮಾಡಿದ್ದು ಅಮ್ಮ. ಪವಿತ್ರ ಸರಿಯಾಗಿ ಚೆಕ್ ಮಾಡ್ಲಿಲ್ಲ,” ಎಂದು ದಿನೇಶ್ ಕೈ ತೊಳೆದುಕೊಂಡಿದ್ದ. ಪಕ್ಕದಲ್ಲೇ ನಿಂತಿದ್ದ ಪವಿತ್ರಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಈಗ ಆ ಅಧ್ಯಕ್ಷರು, ದಂಡಿನಶಿವರದ ಲಕ್ಷ್ಮೀದೇವಮ್ಮ, ಮೇಜಿನ ತುದಿಯಲ್ಲಿ ಕೂತಿದ್ದರು. ಕುಡಿದ ಕಾಫಿ ಲೋಟ ಪಕ್ಕಕ್ಕಿಟ್ಟು ನಾಲ್ವರನ್ನೂ ಒಮ್ಮೆ ನೋಡಿದರು.

“ದಿನೇಶಪ್ಪ ಹೇಳಿದ್ದು ದಿಟ. ಈ ರೂಮಲ್ಲಿರೋ ಒಬ್ರಿಂದ ಕೆಲಸ ಕೆಡ್ತಾ ಐತೆ. ಅವರನ್ನ ಕಳಿಸ್ಬುಡೋದು ಅಂತ ತೀರ್ಮಾನ ಮಾಡಿದೀನಿ. ಅವರ ಕೆಲಸನ ಉಳಿದೋರು ವಹಿಸ್ಕಳಕ್ಕೆ ಎಷ್ಟು ದಿನ ಬೇಕು? ಕರಟ ಇಡ್ರಪ್ಪ.”

ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ಪವಿತ್ರಳ ಕಡೆ ತಿರುಗಿದವು. ಭಾನುಪ್ರಿಯಾಗೆ ತಡೆಯಲಾಗಲಿಲ್ಲ. “ಅಮ್ಮ, ಯಾರನ್ನ…”

“ಮಗುಚೋಕೆ ಮುಂಚೆ ಪ್ರಶ್ನೆ ಇಲ್ಲ!” ಎಂದು ದಿನೇಶ್ ಗದರಿದ.

“ಆಯ್ತು, ನಿಮ್ಮ ರೂಲೇ ನಡೀಲಿ,” ಎಂದರು ಲಕ್ಷ್ಮೀದೇವಮ್ಮ. “ನೀವೂ ಒಂದು ಇಡ್ರಿ ದಿನೇಶಪ್ಪ. ಆ ಕೆಲಸ ಎಷ್ಟರದ್ದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ದಿನೇಶ್ ಉಬ್ಬಿಹೋದ. ಒಂದು ಕರಟ ಆರಿಸಿ ಅಂಗೈಯಡಿ ಕವುಚಿದ.

ತನ್ನನ್ನು ಓಡಿಸಲು ಎಷ್ಟು ದಿನ ಬೇಕೆಂದು ತನ್ನಿಂದಲೇ ಹೇಳಿಸುತ್ತಿದ್ದಾರಲ್ಲ ಎಂದು ಪವಿತ್ರಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಉಳಿದುಕೊಳ್ಳಲು ಅಂಕಿ ಏರಿಸಿದರೆ ಸುಳ್ಳು. ಹೆದರಿ ಇಳಿಸಿದರೂ ಸುಳ್ಳು. ಲೆಕ್ಕ ಹಾಕಿದಳು, ನಿಜವಾಗಿಯೂ ಹದಿಮೂರೇ ಬಂತು. ಕರಟವನ್ನು ಮೇಜಿಗೆ ಟಕ್ಕನೆ ಕುಕ್ಕಿದಳು.

“ಮಗುಚಿ,” ಎಂದರು ಲಕ್ಷ್ಮೀದೇವಮ್ಮ.

ಪವಿತ್ರ, ಹದಿಮೂರು. ಭಾನುಪ್ರಿಯಾ, ಹದಿಮೂರು. ಚಿತ್ತೇಶ್ ಈ ಸಲ ದಿನೇಶನ ಹುಬ್ಬಿನ ಕಡೆ ತಿರುಗಿಯೂ ನೋಡಲಿಲ್ಲ. ಹದಿಮೂರು.

“ಪವಿತ್ರಕ್ಕನ ಕೆಲಸ ಕಲಿಯೋಕೆ ಇಷ್ಟೂ ಸಾಲಲ್ಲ ಅಮ್ಮ,” ಎಂದ ಚಿತ್ತೇಶ್. “ಕಳಿಸೋದಾದ್ರೆ ನಮ್ಮನ್ನೂ ಕಳಿಸ್ಬುಡಿ.”

ಕೆಲಸ ಹೋದರೂ ಚಿಂತೆಯಿಲ್ಲ ಅನ್ನಿಸಿತು ಪವಿತ್ರಳಿಗೆ.

“ತಾಳಪ್ಪ, ಇನ್ನೊಂದು ಕರಟ ಐತಲ್ಲ,” ಎಂದರು ಲಕ್ಷ್ಮೀದೇವಮ್ಮ.

ದಿನೇಶ್ ನಗುತ್ತಾ ಮಗುಚಿದ. ಒಂದು.

“ಅದೇನು ಮಹಾ ಕೆಲಸ ಅಮ್ಮ? ಒಂದು ದಿನ ಸಾಕು. ಆ ಕುರ್ಚಿ ಖಾಲಿಯಾದ್ರೆ ಯಾರಿಗೂ ಗೊತ್ತೂ ಆಗಲ್ಲ.”

“ಕಡಿಮೆ ಅಂಕಿಯೇ ಅಂತಿಮ ಅಲ್ವೇ?”

“ಅದೇ ರೂಲು.”

“ಆಮೇಲೆ ಮಾತು ಬದಲಾಯಿಸಂಗಿಲ್ಲ?”

“ಖಂಡಿತ ಇಲ್ಲ ಅಮ್ಮ.”

ಪವಿತ್ರ ಎದ್ದಳು. ತಲೆ ತಗ್ಗಿಸಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿ, ತನ್ನ ಹದಿಮೂರರ ಕರಟವನ್ನೂ ಅದರೊಳಗೆ ಹಾಕಿಕೊಂಡಳು. ದಿನೇಶ್ ತಾನೇ ಹೋಗಿ ಅವಳಿಗೆ ಬಾಗಿಲು ತೆರೆದು ಹಿಡಿದ.

“ನೀನು ಬ್ಯಾಗ್ ಇಟ್ಟು ಕೂತ್ಕೊ ಕಣವ್ವ,” ಎಂದರು ಲಕ್ಷ್ಮೀದೇವಮ್ಮ. “ದಿನೇಶಪ್ಪ, ನಾಳೆ ಸಂಜೆಯೊಳಗೆ ನಿಮ್ಮ ಕೆಲಸನೆಲ್ಲ ಪವಿತ್ರಂಗೆ ವಹಿಸ್ಬುಡಿ.”